ಮಗುವಿನ ಸೋಪು, ಲೋಷನ್, ವೈಪ್ಸ್: ಡಬ್ಬಿಯ ಹಿಂಬದಿಯಲ್ಲಿ ಯಾವ ಹೆಸರು ಕಂಡರೆ ಬಿಟ್ಟುಬಿಡಬೇಕು?

ಜಯನಗರದ ತಾಯಿ

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳಿಗೆ ಈಗ ಎರಡು ತಿಂಗಳು. ಮಗುವಿಗೆ ಬಳಸುವ ವಸ್ತುಗಳನ್ನು ಆರಿಸುವುದು ಇಷ್ಟು ತಲೆನೋವಿನ ಕೆಲಸವೆಂದು ಯಾರೂ ಮೊದಲೇ ಹೇಳಿರಲಿಲ್ಲ. ಒಂದು ಡಬ್ಬಿಯ ಮೇಲೆ ‘ಪ್ಯಾರಾಬೆನ್ ಇಲ್ಲ’ ಎಂದಿದೆ, ಇನ್ನೊಂದರ ಮೇಲೆ ‘ಸಲ್ಫೇಟ್ ಇಲ್ಲ’ ಎಂದಿದೆ, ಮತ್ತೊಂದು ತಾನು ನೂರಕ್ಕೆ ನೂರು ನೈಸರ್ಗಿಕ ಎನ್ನುತ್ತದೆ. ಏನೇನು ಇಲ್ಲ ಎಂಬುದನ್ನು ಮುಂಬದಿಯಲ್ಲಿ ಇಷ್ಟು ದಪ್ಪಕ್ಷರದಲ್ಲಿ ಸಾರುವವರು, ಏನೇನು ಇದೆ ಎಂಬುದನ್ನು ಮಾತ್ರ ಹಿಂಬದಿಯ ಮಡಿಕೆಯೊಳಗೆ ಇರುವೆ ಸಾಲಿನಂತೆ ಮುದ್ರಿಸಿರುತ್ತಾರೆ.

ನಮ್ಮ ಅತ್ತೆಯವರು ಕಡ್ಲೆಹಿಟ್ಟು ಸಾಕು ಎನ್ನುತ್ತಾರೆ, ಯಜಮಾನರು ಹೊರದೇಶದಿಂದ ತರಿಸೋಣ ಎನ್ನುತ್ತಾರೆ. ನನಗೆ ಯಾವ ಬ್ರ್ಯಾಂಡಿನ ಶಿಫಾರಸೂ ಬೇಡ. ಯಾವ ಪದಾರ್ಥದ ಹೆಸರು ಕಂಡರೆ ಡಬ್ಬಿಯನ್ನು ಅಂಗಡಿಯಲ್ಲೇ ಬಿಟ್ಟು ಬರಬೇಕು, ಯಾವುದಕ್ಕೆ ನಾವು ಸುಮ್ಮನೆ ಹೆದರುತ್ತಿದ್ದೇವೆ ಎಂಬುದನ್ನು ತಿಳಿದವರು ಹೇಳಬೇಕಾಗಿ ವಿನಂತಿ.

ಯಲಹಂಕದ ಅಪ್ಪ

ಬಹಳ ಸುಲಭ. ಓದಲು ಬಾರದ ಹೆಸರು ಇದ್ದರೆ ಕೊಳ್ಳಬೇಡಿ, ಅಷ್ಟೇ.

ರಸಾಯನದ ಮೇಷ್ಟ್ರು

ಯಲಹಂಕದವರೇ, ಆ ಸೂತ್ರ ಕೇಳಲು ಚೆನ್ನಾಗಿದೆ, ಅಂಗಡಿಯಲ್ಲಿ ಕೆಲಸಕ್ಕೆ ಬಾರದು. ‘ಟೋಕೋಫೆರಿಲ್ ಅಸಿಟೇಟ್’ ಎನ್ನಲು ನಾಲಿಗೆ ಹೊರಳುವುದಿಲ್ಲ, ಆದರೆ ಅದು ಇ ಜೀವಸತ್ವದ ಒಂದು ರೂಪ. ‘ಸೋಡಿಯಂ ಕೊಕೊಯೇಟ್’ ಎಂದರೆ ಕೊಬ್ಬರಿ ಎಣ್ಣೆಯಿಂದ ತಯಾರಾದ ಸಾಬೂನು. ಇತ್ತ ‘ಕರ್ಪೂರ’ ಎಂಬುದನ್ನು ಒಂದನೇ ತರಗತಿಯ ಮಗುವೂ ಓದಬಲ್ಲದು, ಹಸುಗೂಸಿಗೆ ಅದು ನಿಜವಾಗಿಯೂ ಅಪಾಯಕಾರಿ.

ಜಯನಗರದ ತಾಯಿಯವರು ಮೊದಲು ಪಟ್ಟಿಯ ಕ್ರಮವನ್ನು ಓದಲು ಕಲಿಯಬೇಕು. ನಮ್ಮ ದೇಶದ 2020ರ ಪ್ರಸಾಧನ ಸಾಮಗ್ರಿ ನಿಯಮಗಳ ಪ್ರಕಾರ, ಶೇ. 1ಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕು, ಶೇ. 1 ಅಥವಾ ಅದಕ್ಕಿಂತ ಕಡಿಮೆ ಇರುವವನ್ನು ಅವುಗಳ ನಂತರ ಯಾವ ಕ್ರಮದಲ್ಲಾದರೂ ಬರೆಯಬಹುದು. ಇದರಲ್ಲಿ ಒಂದು ಕೀಲಿಯಿದೆ. ‘ಫಿನಾಕ್ಸಿಎಥನಾಲ್’ ಎಂಬ ಸಂರಕ್ಷಕವನ್ನು (ಪದಾರ್ಥ ಕೆಡದಂತೆ ಕಾಯುವ ವಸ್ತು) ಸಾಮಾನ್ಯವಾಗಿ ಶೇ. 1ಕ್ಕಿಂತ ಹೆಚ್ಚು ಹಾಕುವುದಿಲ್ಲ, ಐರೋಪ್ಯ ಒಕ್ಕೂಟದ ಮಿತಿಯೂ ಅಷ್ಟೇ. ಹಾಗಾಗಿ ಪಟ್ಟಿಯಲ್ಲಿ ಅದರ ನಂತರ ಬರುವ ಬಾದಾಮಿ, ಕೇಸರಿ, ಹಾಲಿನ ಸಾರ ಇತ್ಯಾದಿಗಳೆಲ್ಲವೂ ಶೇ. 1ರೊಳಗೇ ಇರುತ್ತವೆ. ಡಬ್ಬಿಯ ಮೇಲೆ ಬಾದಾಮಿಯ ಚಿತ್ರ ಎಷ್ಟೇ ದೊಡ್ಡದಿರಲಿ, ಒಳಗಿರುವುದು ಅಷ್ಟೇ.

ಬನಶಂಕರಿಯ ಮಕ್ಕಳ ವೈದ್ಯೆ

ಮೇಷ್ಟ್ರು ಓದುವ ವಿಧಾನ ಹೇಳಿದ್ದಾರೆ, ನಾನು ಹೆಸರುಗಳನ್ನು ಹೇಳುತ್ತೇನೆ. ಅದಕ್ಕೂ ಮೊದಲು ಒಂದು ವಿಂಗಡಣೆ ಅಗತ್ಯ: ಹಚ್ಚಿ ಹಾಗೆಯೇ ಬಿಡುವ ವಸ್ತು ಬೇರೆ, ಹಚ್ಚಿ ತೊಳೆದುಬಿಡುವ ವಸ್ತು ಬೇರೆ. ಲೋಷನ್, ಕ್ರೀಮು, ವೈಪ್ಸ್ ಇವು ಮೊದಲನೆಯ ಗುಂಪಿಗೆ ಸೇರುತ್ತವೆ. ಸೋಪು, ಶಾಂಪೂ ಎರಡನೆಯದಕ್ಕೆ. ಎಳೆಗೂಸಿನ ಮೈತೂಕಕ್ಕೆ ಹೋಲಿಸಿದರೆ ಅದರ ಚರ್ಮದ ವಿಸ್ತಾರ ನಮಗಿಂತ ಹೆಚ್ಚು, ಡಯಾಪರಿನೊಳಗಿನ ಚರ್ಮ ಸದಾ ಒದ್ದೆಯಾಗಿ ಮುಚ್ಚಿಕೊಂಡಿರುತ್ತದೆ. ಆದ್ದರಿಂದ ಮೊದಲ ಗುಂಪಿನಲ್ಲೇ ಹೆಚ್ಚು ಎಚ್ಚರ ಬೇಕು.

ನಾನು ತಾಯಂದಿರಿಗೆ ಮೊದಲು ಹೇಳುವ ಹೆಸರು ‘ಮೀಥೈಲ್‌ಐಸೊಥಯಜೊಲಿನೋನ್’. ಇದು ಚರ್ಮದ ಅಲರ್ಜಿಗೆ ಕುಖ್ಯಾತವಾದ ಸಂರಕ್ಷಕ. ಅಮೆರಿಕದ ಸಂಪರ್ಕಜನ್ಯ ಚರ್ಮರೋಗ ತಜ್ಞರ ಸಂಘವು 2013ರಲ್ಲಿ ಇದನ್ನು ವರ್ಷದ ಅಲರ್ಜಿಕಾರಕವೆಂದು ಹೆಸರಿಸಿತ್ತು. ಐರೋಪ್ಯ ಒಕ್ಕೂಟದಲ್ಲಿ 2017ರಿಂದ ಹಚ್ಚಿ ಬಿಡುವ ವಸ್ತುಗಳಲ್ಲಿ ಇದಕ್ಕೆ ನಿಷೇಧವಿದೆ, ತೊಳೆದುಬಿಡುವ ವಸ್ತುಗಳಲ್ಲಿ ಶೇ. 0.0015ರ ಮಿತಿಯಿದೆ. ವೈಪ್ಸ್ ಕೊಳ್ಳುವಾಗ ಇದನ್ನು ತಪ್ಪದೆ ಹುಡುಕಿ.

ಮುಂದಿನವು ಚರ್ಮಕ್ಕೆ ಅಲರ್ಜಿ ತರುವ ಫಾರ್ಮಾಲ್ಡಿಹೈಡನ್ನು ನಿಧಾನವಾಗಿ ಬಿಡುಗಡೆ ಮಾಡುವ ಸಂರಕ್ಷಕಗಳು: ಡಿಎಂಡಿಎಂ ಹೈಡಾಂಟೊಯಿನ್, ಇಮಿಡಜೊಲಿಡಿನೈಲ್ ಯೂರಿಯಾ, ಡಯಜೊಲಿಡಿನೈಲ್ ಯೂರಿಯಾ, ಕ್ವಾಟರ್ನಿಯಮ್-15. ‘ಫಾರ್ಮಾಲ್ಡಿಹೈಡ್’ ಎಂಬ ಪದ ಪಟ್ಟಿಯಲ್ಲಿ ಇರುವುದಿಲ್ಲವಾದ್ದರಿಂದ ಈ ಹೆಸರುಗಳನ್ನೇ ಫೋನಿನಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಕೊನೆಯದಾಗಿ ‘ಪರ್ಫ್ಯೂಮ್’ ಅಥವಾ ‘ಫ್ರೇಗ್ರೆನ್ಸ್’. ಆ ಒಂದೇ ಪದದ ಹಿಂದೆ ಹತ್ತಾರು ರಾಸಾಯನಿಕಗಳು ಅಡಗಿರಬಹುದು, ಮಗುವಿಗೆ ಅದರಿಂದ ಯಾವ ಉಪಯೋಗವೂ ಇಲ್ಲ. ಆ ವಾಸನೆ ಬೇಕಾಗಿರುವುದು ನಮಗೆ.

ರಾಜಾಜಿನಗರದ ಚಿಕ್ಕಮ್ಮ

ಪ್ಯಾರಾಬೆನ್ ಬಗ್ಗೆ ಯಾರೂ ಹೇಳಲೇ ಇಲ್ಲವಲ್ಲ? ಯುರೋಪಿನಲ್ಲಿ ಪೂರ್ತಿ ನಿಷೇಧಿಸಿದ್ದಾರೆ ಎಂದು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಬಂದಿತ್ತು.

ರಸಾಯನದ ಮೇಷ್ಟ್ರು

ಪೂರ್ತಿ ನಿಷೇಧಿಸಿಲ್ಲ, ಚಿಕ್ಕಮ್ಮನವರೇ. ಪ್ಯಾರಾಬೆನ್ ಎಂಬುದೂ ಸಂರಕ್ಷಕಗಳ ಒಂದು ಗುಂಪು. 2014ರಲ್ಲಿ ಅಲ್ಲಿ ಐಸೊಪ್ರೊಪೈಲ್, ಐಸೊಬ್ಯೂಟೈಲ್ ಮುಂತಾದ ಐದು ಬಗೆಯ ಪ್ಯಾರಾಬೆನ್‌ಗಳನ್ನು ನಿಷೇಧಿಸಿದರು. ಅದೇ ವರ್ಷ ಪ್ರೊಪೈಲ್ ಮತ್ತು ಬ್ಯೂಟೈಲ್ ಪ್ಯಾರಾಬೆನ್‌ಗಳನ್ನು, 3 ವರ್ಷದೊಳಗಿನ ಮಕ್ಕಳ ಡಯಾಪರ್ ಜಾಗಕ್ಕೆ ಹಚ್ಚಿ ಬಿಡುವ ವಸ್ತುಗಳಲ್ಲಿ ಬಳಸಬಾರದೆಂದರು. ಮೀಥೈಲ್ ಮತ್ತು ಈಥೈಲ್ ಪ್ಯಾರಾಬೆನ್‌ಗಳನ್ನು ಮಿತಿಯೊಳಗೆ ಇಂದಿಗೂ ಬಳಸಬಹುದು. ಆದ್ದರಿಂದ ಡಯಾಪರ್ ಕ್ರೀಮಿನಲ್ಲಿ ಪ್ರೊಪೈಲ್, ಬ್ಯೂಟೈಲ್ ಕಂಡರೆ ಬಿಡಿ. ಸ್ನಾನದ ಶಾಂಪೂವಿನಲ್ಲಿ ಮೀಥೈಲ್ ಪ್ಯಾರಾಬೆನ್ ಕಂಡ ಮಾತ್ರಕ್ಕೆ ರಾತ್ರಿ ನಿದ್ದೆಗೆಡುವ ಅಗತ್ಯವಿಲ್ಲ.

ಇದರಲ್ಲಿ ಒಂದು ವಿಪರ್ಯಾಸವಿದೆ. ಪ್ಯಾರಾಬೆನ್ ಎಂದರೆ ಜನ ಬೆಚ್ಚತೊಡಗಿದಾಗ ಅನೇಕ ತಯಾರಕರು ಅದನ್ನು ತೆಗೆದು, ವೈದ್ಯೆಯವರು ಮೇಲೆ ಹೇಳಿದ ಮೀಥೈಲ್‌ಐಸೊಥಯಜೊಲಿನೋನ್ ಹಾಕಲಾರಂಭಿಸಿದರು. ‘ಪ್ಯಾರಾಬೆನ್ ಇಲ್ಲ’ ಎಂಬ ದಪ್ಪಕ್ಷರವನ್ನು ನಂಬಿ ಕೊಂಡವರಲ್ಲಿ ಹಲವರಿಗೆ ಅಲರ್ಜಿ ಅಂಟಿಕೊಂಡಿತು. ನೀರಿರುವ ಯಾವ ಪದಾರ್ಥಕ್ಕೂ ಒಂದಲ್ಲ ಒಂದು ಸಂರಕ್ಷಕ ಬೇಕೇ ಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಒಂದು ಹೆಸರನ್ನು ತೆಗೆದಿದ್ದೇವೆ ಎಂದವರನ್ನು, ಅದರ ಜಾಗಕ್ಕೆ ಏನನ್ನು ತಂದಿರಿ ಎಂದು ಕೇಳಬೇಕು.

ಎಚ್‌ಎಸ್‌ಆರ್ ಬಡಾವಣೆಯ ಐಟಿ ಅಪ್ಪ

ಹಾಗಾದರೆ ಸಲ್ಫೇಟ್? ಕ್ಯಾನ್ಸರ್ ಬರುತ್ತದೆ ಎನ್ನುತ್ತಾರೆ.

ರಸಾಯನದ ಮೇಷ್ಟ್ರು

ನೊರೆ ಬರಲೆಂದು ಹಾಕುವ ಸೋಡಿಯಂ ಲಾರಿಲ್ ಸಲ್ಫೇಟ್ ಚರ್ಮವನ್ನು ಒಣಗಿಸುತ್ತದೆ, ಕೆರಳಿಸುತ್ತದೆ. ಮಗುವಿಗೆ ಬೇಡ ಎನ್ನಲು ಇಷ್ಟೇ ಕಾರಣ ಸಾಕು. ಅದರಿಂದ ಕ್ಯಾನ್ಸರ್ ಬರುತ್ತದೆ ಎಂಬುದು ಫಾರ್ವರ್ಡ್ ಸಂದೇಶಗಳ ಸೃಷ್ಟಿ.

ಮಲ್ಲೇಶ್ವರದ ಅಜ್ಜಿ

ಇಷ್ಟು ಹೊತ್ತು ಓದಿ ಸಾಕಾಯಿತು. ನಾನು ನಾಲ್ಕು ಮಕ್ಕಳನ್ನೂ ಆರು ಮೊಮ್ಮಕ್ಕಳನ್ನೂ ಎಣ್ಣೆನೀರು ಹಾಕಿ ಬೆಳೆಸಿದವಳು. ಕೊಬ್ಬರಿ ಎಣ್ಣೆ ತಿಕ್ಕಿ, ಹೆಸರುಹಿಟ್ಟಿನಲ್ಲಿ ಜಿಡ್ಡು ತೆಗೆದು, ಹದವಾದ ಬಿಸಿನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟು, ಕಣ್ಣಿಗೆ ಕಪ್ಪು ತೀಡಿ, ಕೆನ್ನೆಗೊಂದು ದೃಷ್ಟಿಬೊಟ್ಟು ಇಟ್ಟು ಮಲಗಿಸಿದರೆ ಮಗು ಮೂರು ಗಂಟೆ ಅಲುಗಾಡುತ್ತಿರಲಿಲ್ಲ. ನೆಗಡಿಯಾದರೆ ಎಣ್ಣೆಯಲ್ಲಿ ಕರ್ಪೂರ ಕಾಯಿಸಿ ಎದೆಗೆ ಹಚ್ಚುತ್ತಿದ್ದೆವು. ಯಾರಿಗೂ ಏನೂ ಆಗಲಿಲ್ಲ. ನೀವೆಲ್ಲ ಬಾಯಿಗೆ ಬಾರದ ಹೆಸರುಗಳನ್ನು ಕಂಠಪಾಠ ಮಾಡುವ ಬದಲು ಮನೆಯಲ್ಲಿರುವ ಹಿರಿಯರನ್ನು ಕೇಳಬಾರದೇ?

ಬನಶಂಕರಿಯ ಮಕ್ಕಳ ವೈದ್ಯೆ

ಅಜ್ಜಿ, ನಿಮ್ಮ ಎಣ್ಣೆನೀರಿಗೆ ನನ್ನ ಸಂಪೂರ್ಣ ಒಪ್ಪಿಗೆಯಿದೆ. ಹಿತವಾಗಿ ತಿಕ್ಕುವುದಾದರೆ ಕೊಬ್ಬರಿ ಎಣ್ಣೆ ಎಳೆಯ ಚರ್ಮಕ್ಕೆ ಒಳ್ಳೆಯದೇ. ಆದರೆ ನೀವು ಹೇಳಿದ ಪಟ್ಟಿಯಲ್ಲಿ ಮೂರು ವಿಷಯಗಳಿಗೆ ನಾನು ತಲೆಯಾಡಿಸಲಾರೆ.

ಮೊದಲನೆಯದು ಕರ್ಪೂರ. ಅದು ಚರ್ಮದ ಮೂಲಕವೂ ಉಸಿರಿನ ಮೂಲಕವೂ ದೇಹಕ್ಕೆ ಇಳಿಯುತ್ತದೆ, ಎಳೆಯ ಮಕ್ಕಳಲ್ಲಿ ಫಿಟ್ಸ್ ತರಿಸಬಲ್ಲದು. ಕರ್ಪೂರ ಮತ್ತು ನೀಲಗಿರಿ ಎಣ್ಣೆಗಳಿಂದ ಉಂಟಾಗುವ ಫಿಟ್ಸ್ ಬಗ್ಗೆ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ನರರೋಗ ತಜ್ಞರೇ ಅಧ್ಯಯನ ಪ್ರಕಟಿಸಿದ್ದಾರೆ. ಎದೆಗೆ ಹಚ್ಚುವ ಮುಲಾಮುಗಳಿಗೂ ಇದೇ ಮಾತು ಅನ್ವಯಿಸುತ್ತದೆ, 2 ವರ್ಷದೊಳಗಿನ ಮಗುವಿಗೆ ಅವು ಬೇಡವೇ ಬೇಡ.

ಎರಡನೆಯದು ಸಾಂಬ್ರಾಣಿ ಹೊಗೆ. ಕೂದಲು ಒಣಗುವುದು ನಿಜ, ಆದರೆ ಹೊಗೆ ಹೋಗುವುದು ಶ್ವಾಸಕೋಶಕ್ಕೆ. ಬಟ್ಟೆಯಿಂದ ಒರೆಸಿದರೂ ಆ ನಾಲ್ಕು ಕೂದಲು ಒಣಗುತ್ತವೆ.

ಮೂರನೆಯದು ಕಣ್ಣುಕಪ್ಪು. ಅಂಗಡಿಯಲ್ಲಿ ಸಿಗುವ ಸುರ್ಮಾ ಅನೇಕ ವೇಳೆ ಸೀಸದ ಸಲ್ಫೈಡ್ ಅದಿರಿನ ಪುಡಿಯೇ ಆಗಿರುತ್ತದೆ. ಮಗು ಕಣ್ಣುಜ್ಜಿದ ಬೆರಳನ್ನು ಬಾಯಿಗೆ ಇಡುತ್ತದೆ, ಸೀಸ ಹೊಟ್ಟೆಗೆ ಹೋಗುತ್ತದೆ. ರಕ್ತದಲ್ಲಿ ಸೀಸದ ಪ್ರಮಾಣ ಇಷ್ಟಿದ್ದರೆ ಸುರಕ್ಷಿತ ಎಂಬ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸೀಸದ ವಿಷಬಾಧೆಯ ಬಗ್ಗೆ ದೇಶದಲ್ಲೇ ಮುಂಚೂಣಿಯಲ್ಲಿ ಕೆಲಸ ಮಾಡಿದ ಡಾ. ತುಪ್ಪಿಲ್ ವೆಂಕಟೇಶ್ ಅವರೂ ನಮ್ಮ ಬೆಂಗಳೂರಿನವರೇ.

ಮಲ್ಲೇಶ್ವರದ ಅಜ್ಜಿ

ನಾವು ಅಂಗಡಿಯ ಸುರ್ಮಾ ಯಾವತ್ತೂ ಮುಟ್ಟಿದವರಲ್ಲ ತಾಯಿ. ಹರಳೆಣ್ಣೆ ದೀಪದ ಮೇಲೆ ತಾಮ್ರದ ತಟ್ಟೆ ಮಗುಚಿ ಹಿಡಿದ ಮಸಿಯನ್ನು ಬೆಣ್ಣೆಯಲ್ಲಿ ಕಲಸಿದ ಕಾಡಿಗೆ. ಅದರಲ್ಲಿ ಸೀಸ ಎಲ್ಲಿಂದ ಬಂತು?

ಬನಶಂಕರಿಯ ಮಕ್ಕಳ ವೈದ್ಯೆ

ಮಸಿಯಲ್ಲಿ ಸೀಸವಿಲ್ಲ, ಆ ಮಾತು ಸರಿ. ಆದರೂ ಬೆರಳಿನ ಕೊಳೆ ಕಣ್ಣಿಗೆ ಸೇರುತ್ತದೆ. ಎಳೆಗೂಸಿನ ಕಣ್ಣೀರಿನ ನಾಳ ಮೊದಲೇ ಕಿರಿದು, ಅದು ಕಟ್ಟಿಕೊಂಡು ಕಣ್ಣಲ್ಲಿ ಕೀವು ತುಂಬಿದ ಮಕ್ಕಳನ್ನು ನಾನು ನೋಡುತ್ತಲೇ ಇರುತ್ತೇನೆ. ದೃಷ್ಟಿಬೊಟ್ಟನ್ನು ಕಿವಿಯ ಹಿಂದೆ ಇಡಿ. ಕಣ್ಣಿನ ಅಂಚಿಗೆ ಬೇಡ.

ಮಲ್ಲೇಶ್ವರದ ಅಜ್ಜಿ

ಕಿವಿಯ ಹಿಂದೆ ಇಟ್ಟರೆ ದೃಷ್ಟಿ ಹಾಕುವವರಿಗೆ ಕಾಣಿಸುವುದಾದರೂ ಹೇಗೆ? ಇರಲಿ, ಕಣ್ಣಿನ ವಿಷಯದಲ್ಲಿ ನೀವು ಹೇಳಿದ್ದನ್ನು ಒಪ್ಪಿದೆ.

ಯಲಹಂಕದ ಅಪ್ಪ

ಪೌಡರಿನ ಕಥೆಯನ್ನೂ ಹೇಳಿಬಿಡಿ. ಸ್ನಾನವಾದ ಮೇಲೆ ಪೌಡರ್ ಹಾಕದ ಮಗು ಮಗುವೇ ಅಲ್ಲ ಎಂಬಂತೆ ನಮ್ಮ ಮನೆಯಲ್ಲಿ ವಾದ ನಡೆಯುತ್ತಿದೆ.

ಬನಶಂಕರಿಯ ಮಕ್ಕಳ ವೈದ್ಯೆ

ಪೌಡರ್ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2024ರ ಜುಲೈನಲ್ಲಿ, ಪೌಡರಿನಲ್ಲಿ ಬಳಸುವ ಟಾಲ್ಕ್ ಎಂಬ ಖನಿಜವನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ 2ಎ ಗುಂಪಿಗೆ ಸೇರಿಸಿತು ಎಂಬುದು ಎಲ್ಲರಿಗೂ ಗೊತ್ತಿರುವ ಸುದ್ದಿ. ಮಗುವಿನ ಮಟ್ಟಿಗೆ ಅದಕ್ಕಿಂತ ಹತ್ತಿರದ ಅಪಾಯವೆಂದರೆ ಉಸಿರಾಟ. ಡಬ್ಬಿಯನ್ನು ಮಗುವಿನ ಮುಖದ ಹತ್ತಿರ ಕೊಡವಿದಾಗ ಎದ್ದ ಧೂಳು ಶ್ವಾಸಕೋಶದ ಒಳಗೆ ಕೂರುತ್ತದೆ. ಟಾಲ್ಕ್ ಬದಲು ಜೋಳದ ಪಿಷ್ಟ ಹಾಕಿದ ಪೌಡರೂ ಧೂಳೇ. ಇನ್ನು ಬೋರಿಕ್ ಆಮ್ಲವಿರುವ ಪೌಡರ್ ಮನೆಯಲ್ಲಿದ್ದರೆ ಅದು ಮಗುವಿನ ಕೈಗೂ ಸಿಗಬಾರದು.

ಡಯಾಪರ್ ಜಾಗ ಕೆಂಪಾಗಿದ್ದರೆ ಸತುವಿನ ಆಕ್ಸೈಡ್ ಇರುವ, ಸುಗಂಧವಿಲ್ಲದ ಕ್ರೀಮನ್ನು ದಪ್ಪಗೆ ಹಚ್ಚಿ, ದಿನಕ್ಕೆ ಸ್ವಲ್ಪ ಹೊತ್ತು ಡಯಾಪರ್ ಬಿಚ್ಚಿ ಗಾಳಿಯಾಡಲು ಬಿಡಿ.

ಎಚ್‌ಎಸ್‌ಆರ್ ಬಡಾವಣೆಯ ಐಟಿ ಅಪ್ಪ

ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯೇ 2023ರಲ್ಲಿ ಟಾಲ್ಕ್ ಪೌಡರನ್ನು ಜಗತ್ತಿನಾದ್ಯಂತ ನಿಲ್ಲಿಸಿತಲ್ಲವೇ? ಮಹಾರಾಷ್ಟ್ರ ಸರ್ಕಾರ ಲೈಸೆನ್ಸ್ ರದ್ದು ಮಾಡಿದ್ದೂ ಇದೇ ಕಾರಣಕ್ಕೆ.

ರಸಾಯನದ ಮೇಷ್ಟ್ರು

ಮೊದಲನೆಯ ಮಾತು ಸರಿ, ಎರಡನೆಯದು ತಪ್ಪು. 2022ರಲ್ಲಿ ಮಹಾರಾಷ್ಟ್ರದಲ್ಲಿ ಲೈಸೆನ್ಸ್ ರದ್ದಾದದ್ದು ಮಾದರಿಯ ಪಿಎಚ್ (ಆಮ್ಲ-ಕ್ಷಾರದ ಅಳತೆ) ಮಟ್ಟ ಮಾನದಂಡಕ್ಕೆ ಹೊಂದುವುದಿಲ್ಲವೆಂಬ ಕಾರಣಕ್ಕೆ. 2023ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ವಿರೋಧಿಸುವುದಕ್ಕೆ ಸರಿಯಾದ ಕಾರಣಗಳೇ ಇರುವಾಗ ತಪ್ಪು ಕಾರಣವನ್ನು ಏಕೆ ಸೇರಿಸಬೇಕು?

ಮಲ್ಲೇಶ್ವರದ ಅಜ್ಜಿ

ಉಳಿದ ಪೌಡರನ್ನು ಕೇರಂ ಬೋರ್ಡಿಗೆ ಹಾಕಿ. ಮಗು ಮಲಗಿದ ಕೋಣೆಯಲ್ಲಿ ಮಾತ್ರ ಆಡಬೇಡಿ.

ವೈಟ್‌ಫೀಲ್ಡಿನ ಅಮ್ಮ

ಎಲ್ಲರೂ ಡಬ್ಬಿಯೊಳಗಿನ ಪದಾರ್ಥದ ಬಗ್ಗೆ ಮಾತನಾಡುತ್ತಿದ್ದೀರಿ, ನೀರಿನ ಬಗ್ಗೆ ಯಾರೂ ಕೇಳಲಿಲ್ಲ. ನಮ್ಮ ಅಪಾರ್ಟ್‌ಮೆಂಟಿಗೆ ಬರುವುದು ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು. ಬಕೆಟ್ಟಿನ ಅಂಚಿಗೆ ಬಿಳಿಯ ಪೊರೆ ಕಟ್ಟುತ್ತದೆ, ಸೋಪು ನೊರೆ ಬರುವುದಿಲ್ಲ, ನೊರೆ ಬರಲಿ ಎಂದು ಇನ್ನಷ್ಟು ಉಜ್ಜುತ್ತೇವೆ. ಮಗನ ಮೊಣಕಾಲಿನ ಹಿಂದೆ ಚರ್ಮ ಒರಟಾಗಿ ಬಿರುಕು ಬಿಟ್ಟಾಗ ಎಲ್ಲರೂ ಸೋಪಿನ ಮೇಲೆ ತಪ್ಪು ಹೊರಿಸಿದರು. ಬಸವನಗುಡಿಯ ತವರಿನಲ್ಲಿ ಕಾವೇರಿ ನೀರು. ಅಲ್ಲಿಗೆ ಹೋದಾಗ ಅದೇ ಸೋಪಿನಲ್ಲಿ ಚರ್ಮ ಮೆತ್ತಗಾಗುತ್ತದೆ. ಇದಕ್ಕೇನಾದರೂ ವಿವರಣೆಯಿದೆಯೇ?

ರಸಾಯನದ ಮೇಷ್ಟ್ರು

ಖಂಡಿತ ಇದೆ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂಗಳು ಸಾಬೂನಿನೊಂದಿಗೆ ಸೇರಿ ಕರಗದ ಗಸಿಯಾಗುತ್ತವೆ. ಆ ಗಸಿ ಚರ್ಮದ ಮೇಲೆ ಉಳಿದು ಕೆರಳಿಸುತ್ತದೆ. ಸಾಲದ್ದಕ್ಕೆ ಸಾಮಾನ್ಯ ಸಾಬೂನಿನ ಪಿಎಚ್ 9ರಿಂದ 10ರವರೆಗೆ ಇರುತ್ತದೆ, ಚರ್ಮದ್ದು ಸುಮಾರು 5.5. ಗಡಸು ನೀರಿರುವ ಕಡೆ ‘ಸಿಂಡೆಟ್’ ಎನ್ನುವ, ಸಾಬೂನಲ್ಲದ ಬಾರ್ ಅಥವಾ ಮೃದುವಾದ ದ್ರವ ಕ್ಲೆನ್ಸರ್ ಬಳಸಿದರೆ ಈ ಗಸಿ ಕಟ್ಟುವುದಿಲ್ಲ. ಕೊನೆಯ ಒಂದೆರಡು ತಂಬಿಗೆಗಾದರೂ ಕಾವೇರಿ ನೀರೋ ಫಿಲ್ಟರ್ ನೀರೋ ಸಿಕ್ಕರೆ ಹಾಕಿ.

ಬನಶಂಕರಿಯ ಮಕ್ಕಳ ವೈದ್ಯೆ

ಇದಕ್ಕೆ ಸೇರಿಸಿ ಹೇಳುವುದಾದರೆ, ಎರಡು ತಿಂಗಳ ಮಗುವಿಗೆ ಪ್ರತಿದಿನ ಮೈಗೆಲ್ಲ ಸೋಪು ಹಾಕಲೇಬೇಕೆಂದಿಲ್ಲ. ಕತ್ತಿನ ಮಡಿಕೆ, ಕಂಕುಳು, ತೊಡೆಸಂದು, ಇಷ್ಟಕ್ಕೆ ಹಾಕಿದರೆ ಸಾಕು. ಮೊಣಕಾಲಿನ ಹಿಂದಿನ ಒರಟು ಚರ್ಮ ಎಕ್ಸಿಮಾ ಎಂಬ ತುರಿಕೆಯ ಚರ್ಮರೋಗ ಆಗಿರಬಹುದು, ವೈಟ್‌ಫೀಲ್ಡಿನವರು ಒಮ್ಮೆ ಚರ್ಮತಜ್ಞರಿಗೆ ತೋರಿಸಿ.

ಎಣ್ಣೆಯ ಬಗ್ಗೆಯೂ ಒಂದು ಮಾತು. ಆಲಿವ್ ಎಣ್ಣೆ ದುಬಾರಿಯಾದ ಮಾತ್ರಕ್ಕೆ ಉತ್ತಮವಲ್ಲ; ಅದರಲ್ಲಿರುವ ಓಲಿಯಿಕ್ ಆಮ್ಲ ಚರ್ಮದ ರಕ್ಷಣಾ ಪದರವನ್ನು ಸಡಿಲಗೊಳಿಸುತ್ತದೆ. ಸಾಸಿವೆ ಎಣ್ಣೆಯೂ ಎಳೆಯ ಚರ್ಮವನ್ನು ಕೆರಳಿಸುತ್ತದೆ. ಎಕ್ಸಿಮಾ ಇರುವ ಮಗುವಿಗೆ ಈ ಎರಡೂ ಬೇಡ.

ಗಾಂಧಿ ಬಜಾರಿನ ಮೆಡಿಕಲ್ ಸ್ಟೋರ್

ಅಂಗಡಿಯವನಾಗಿ ಕೆಲವು ಮಾತುಗಳು. ಹೊರದೇಶದಿಂದ ತರಿಸುವ ಬಗ್ಗೆ ಮೊದಲ ಪೋಸ್ಟಿನಲ್ಲಿ ಕೇಳಿದ್ದರು. ಕಾನೂನುಬದ್ಧವಾಗಿ ಆಮದಾದ ಡಬ್ಬಿಯ ಮೇಲೆ ಆಮದುದಾರರ ಹೆಸರು, ವಿಳಾಸ ಮತ್ತು ನೋಂದಣಿ ಸಂಖ್ಯೆ ಇರಲೇಬೇಕು. ಅದಿಲ್ಲದೆ ಆನ್‌ಲೈನಿನಲ್ಲಿ ಅರ್ಧ ಬೆಲೆಗೆ ಸಿಗುವುದು ಅಸಲಿಯೋ ನಕಲಿಯೋ ಎಂದು ಹೇಳಲು ನನ್ನಿಂದಲೂ ಆಗದು. ಇಲ್ಲಿ ತಯಾರಾದದ್ದಕ್ಕೆ ತಯಾರಿಕೆಯ ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ, ಬಳಕೆಯ ಕೊನೆಯ ದಿನಾಂಕ ಇರಬೇಕು.

ಇನ್ನೊಂದು ವಿಷಯ. ಗಿರಾಕಿಗಳು ‘ಹೈಪೋಅಲರ್ಜೆನಿಕ್’ (ಅಲರ್ಜಿ ತರುವ ಸಾಧ್ಯತೆ ಕಡಿಮೆ) ಎಂದು ಬರೆದಿರುವುದನ್ನೇ ಕೊಡಿ ಎನ್ನುತ್ತಾರೆ. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ ಆ ಪದಕ್ಕೆ ಯಾವ ಮಾನದಂಡವೂ ಇಲ್ಲವೆಂದು ಹೇಳಿದೆ, ತಯಾರಕರು ತಮಗೆ ತೋಚಿದಂತೆ ಬರೆದುಕೊಳ್ಳುತ್ತಾರೆ. ಅದೇ ಡಬ್ಬಿಯನ್ನು ತಿರುಗಿಸಿದರೆ ‘ಪರ್ಫ್ಯೂಮ್’ ಎಂದಿರುತ್ತದೆ. ನಾನು ತೋರಿಸಿದರೆ, ನಿಮಗೇಕೆ, ಕೇಳಿದ್ದನ್ನು ಕೊಡಿ ಎನ್ನುವವರೂ ಇದ್ದಾರೆ.

ಜಯನಗರದ ತಾಯಿ

ಎಲ್ಲರಿಗೂ ಧನ್ಯವಾದ. ನಮ್ಮಲ್ಲಿರುವ ವೈಪ್ಸ್ ಪ್ಯಾಕೆಟ್ಟಿನ ಪಟ್ಟಿಯನ್ನು ಇಲ್ಲಿ ಯಥಾವತ್ತಾಗಿ ಬರೆಯುತ್ತಿದ್ದೇನೆ: ನೀರು, ಗ್ಲಿಸರಿನ್, ಪಾಲಿಸಾರ್ಬೇಟ್ 20, ಫಿನಾಕ್ಸಿಎಥನಾಲ್, ಲೋಳೆಸರದ ಸಾರ, ಸಿಟ್ರಿಕ್ ಆಮ್ಲ, ಪರ್ಫ್ಯೂಮ್. ಮುಂಬದಿಯಲ್ಲಿ ಲೋಳೆಸರದ ಎಲೆಯೊಂದು ಪ್ಯಾಕೆಟ್ಟಿನ ಅರ್ಧ ಭಾಗವನ್ನು ಆವರಿಸಿದೆ. ಮೇಷ್ಟ್ರೇ, ನೀವು ಹೇಳಿದ ಕೀಲಿಯ ಪ್ರಕಾರ ಲೋಳೆಸರ ಶೇ. 1ರೊಳಗೆ ಎಂದು ಓದಿಕೊಂಡೆ. ಸರಿಯೇ?

ರಸಾಯನದ ಮೇಷ್ಟ್ರು

ಸರಿಯಾಗಿ ಓದಿದ್ದೀರಿ. ಸಿಟ್ರಿಕ್ ಆಮ್ಲ ಪಿಎಚ್ ಹೊಂದಿಸಲು, ಪಾಲಿಸಾರ್ಬೇಟ್ ಎಣ್ಣೆಯಂಶವನ್ನು ನೀರಿನಲ್ಲಿ ಬೆರೆಸಲು, ಎರಡಕ್ಕೂ ಹೆದರಬೇಕಿಲ್ಲ. ಫಿನಾಕ್ಸಿಎಥನಾಲನ್ನು ಡಯಾಪರ್ ಜಾಗಕ್ಕೆ ಬಳಸದಿರುವುದು ಲೇಸೆಂದು ಫ್ರಾನ್ಸಿನ ಔಷಧ ಸುರಕ್ಷತಾ ಸಂಸ್ಥೆ 2012ರಲ್ಲಿ ಸಲಹೆ ಕೊಟ್ಟಿತ್ತು; ಐರೋಪ್ಯ ವೈಜ್ಞಾನಿಕ ಸಮಿತಿ 2016ರಲ್ಲಿ ಪರಿಶೀಲಿಸಿ, ಶೇ. 1ರವರೆಗೆ ಎಲ್ಲ ವಯಸ್ಸಿನವರಿಗೂ ಸುರಕ್ಷಿತ ಎಂದಿತು. ನಾನಾಗಿದ್ದರೆ ಕೊನೆಯಲ್ಲಿರುವ ಪರ್ಫ್ಯೂಮಿಗಾಗಿ ಅದನ್ನು ಬಿಡುತ್ತಿದ್ದೆ.

ಬನಶಂಕರಿಯ ಮಕ್ಕಳ ವೈದ್ಯೆ

ಮನೆಯಲ್ಲಿರುವಾಗ ಹತ್ತಿ ಮತ್ತು ಉಗುರುಬೆಚ್ಚಗಿನ ನೀರು, ಪ್ರಯಾಣದಲ್ಲಿ ಮಾತ್ರ ಸುಗಂಧವಿಲ್ಲದ ವೈಪ್ಸ್.

ರಾಜಾಜಿನಗರದ ಚಿಕ್ಕಮ್ಮ

ಆಯುರ್ವೇದ ಎಂದು ಬರೆದಿದ್ದರೆ ಈ ತಾಪತ್ರಯ ಯಾವುದೂ ಇಲ್ಲ ಅಲ್ಲವೇ?

ಗಾಂಧಿ ಬಜಾರಿನ ಮೆಡಿಕಲ್ ಸ್ಟೋರ್

ಲೈಸೆನ್ಸಿನ ವಿಭಾಗ ಬೇರೆ, ಓದುವ ಕೆಲಸ ತಪ್ಪುವುದಿಲ್ಲ. ಆಯುರ್ವೇದದ ಬೇಬಿ ಎಣ್ಣೆಯಲ್ಲೂ ಕರ್ಪೂರ ಇರಬಹುದು.

ವೈಟ್‌ಫೀಲ್ಡಿನ ಅಮ್ಮ

ನಮ್ಮ ಅಪಾರ್ಟ್‌ಮೆಂಟಿನ ಸಂತೆಯಲ್ಲಿ ಒಬ್ಬರು ಮನೆಯಲ್ಲೇ ತಯಾರಿಸಿದ್ದೆಂದು ಹೇಳಿ ಮಕ್ಕಳ ಕಣ್ಣುಕಪ್ಪು ಮಾರುತ್ತಾರೆ. ಪದಾರ್ಥಗಳ ಪಟ್ಟಿಯಿಲ್ಲ, ಲೈಸೆನ್ಸ್ ಸಂಖ್ಯೆಯಿಲ್ಲ. ಬಹಳ ಜನ ಕೊಳ್ಳುತ್ತಿದ್ದಾರೆ. ಅದರಲ್ಲಿ ಸೀಸವಿದೆಯೇ ಎಂದು ಸಾಮಾನ್ಯ ಜನರು ಪರೀಕ್ಷೆ ಮಾಡಿಸಲು ದಾರಿಯಿದೆಯೇ?

ಗಾಂಧಿ ಬಜಾರಿನ ಮೆಡಿಕಲ್ ಸ್ಟೋರ್

ದಾರಿಯಿದೆ, ಬಹಳ ಜನರಿಗೆ ಗೊತ್ತಿಲ್ಲ. 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿ ಕಾಯ್ದೆಯ 26ನೇ ವಿಧಿಯ ಪ್ರಕಾರ, ತಾನು ಕೊಂಡ ಪ್ರಸಾಧನವನ್ನು ನಿಗದಿತ ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಗೆ ಒಪ್ಪಿಸಿ, ಸಹಿ ಮಾಡಿದ ವರದಿ ಪಡೆಯುವ ಹಕ್ಕು ಯಾವ ಗ್ರಾಹಕರಿಗೂ ಇದೆ. ಬಣ್ಣಕ್ಕಾಗಿ ಸೀಸ ಅಥವಾ ಆರ್ಸೆನಿಕ್ ಸಂಯುಕ್ತ ಬಳಸಿದ ಪ್ರಸಾಧನವನ್ನು ತಯಾರಿಸುವುದೇ ನಮ್ಮಲ್ಲಿ ನಿಷಿದ್ಧ. ರಾಜ್ಯದ ಔಷಧ ನಿಯಂತ್ರಣ ಇಲಾಖೆಗೆ ಲಿಖಿತ ದೂರನ್ನೂ ಕೊಡಬಹುದು. ಲೇಬಲ್ಲಿನ ಮೋಸವಾದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯೂ ಇದೆ. ಮುಚ್ಚಳ ತೆರೆಯದ ಎರಡು ಡಬ್ಬಿ ತೆಗೆದಿಟ್ಟುಕೊಳ್ಳಿ, ಕೊಂಡದ್ದಕ್ಕೆ ಬಿಲ್ ಇರಲಿ.

ವೈಟ್‌ಫೀಲ್ಡಿನ ಅಮ್ಮ

ಬಿಲ್ ಕೇಳಿದರೆ ಅವರು ‘ಮನೆಯವರೇ ಮಾಡಿದ್ದು ಮೇಡಂ, ಬಿಲ್ಲೆಲ್ಲ ಎಲ್ಲಿ’ ಎನ್ನುತ್ತಾರೆ.

ಗಾಂಧಿ ಬಜಾರಿನ ಮೆಡಿಕಲ್ ಸ್ಟೋರ್

ಹಾಗಾದರೆ ಯುಪಿಐ ಮೂಲಕ ಹಣ ಕೊಟ್ಟು, ಅದರ ರಸೀದಿಯನ್ನೂ ಡಬ್ಬಿಯ ಫೋಟೋವನ್ನೂ ದೂರಿನ ಜೊತೆ ಲಗತ್ತಿಸಿ. ಲೈಸೆನ್ಸ್ ಸಂಖ್ಯೆಯೇ ಇಲ್ಲದೆ ಮಾರುತ್ತಿದ್ದಾರೆ ಎಂಬುದನ್ನು ದೂರಿನ ಮೊದಲ ಸಾಲಿನಲ್ಲೇ ಬರೆಯಿರಿ. ಸೀಸ ಇದೆಯೋ ಇಲ್ಲವೋ ಎಂಬ ವರದಿ ಬರುವ ಮೊದಲೇ ಅಷ್ಟರ ಮೇಲೆಯೇ ಕ್ರಮ ಕೈಗೊಳ್ಳಬಹುದು.

ಮಲ್ಲೇಶ್ವರದ ಅಜ್ಜಿ

ದೂರು ಕೊಡುವ ಮೊದಲು ಆ ಹೆಂಗಸನ್ನೇ ಕರೆದು ಯಾವುದರಿಂದ ಮಾಡಿದ್ದೀಯಮ್ಮ ಎಂದು ಒಮ್ಮೆ ಕೇಳಿ. ದೀಪದ ಮಸಿಯೋ, ಪೇಟೆಯಿಂದ ತಂದ ಪುಡಿಯೋ ಎಂಬುದು ಅವಳ ಮುಖ ನೋಡಿದರೆ ಗೊತ್ತಾಗುತ್ತದೆ.

ವೈಟ್‌ಫೀಲ್ಡಿನ ಅಮ್ಮ

ಭಾನುವಾರ ಸಂತೆಗೆ ಬರುತ್ತಾರೆ, ಕೇಳುತ್ತೇನೆ ಅಜ್ಜಿ. ಡಬ್ಬಿಗಳನ್ನೂ ಅವತ್ತೇ ಕೊಳ್ಳುತ್ತೇನೆ.